ಇಪ್ಪತ್ತೆರಡು ನಿಮಿಷದ ಏಳು ಹಾಡು

ನಾನು ಹೆಚ್ಚು ಮಾತಾಡುವವನಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಯಾಕೆಂದರೆ ಸೌದಿಯ ಜಿದ್ದಾದ ಅಜೀಜಿಯಾ ಬಡಾವಣೆಯಲ್ಲಿ ನಮ್ಮ ಭಟ್ಕಳದವರನ್ನು ಯಾರನ್ನೇ ಕೇಳಿ, "ಝಿಯಾವುದ್ದೀನಾ? ಅವನು ಬಾಯಿ ತೆರೆದರೆ ಮುಗೀತು ಮಾರಾಯ್ರೇ, ಬುತ್ತಿ ಕಟ್ಟಿಕೊಂಡು ಕೂರಬೇಕು" ಎನ್ನುತ್ತಾರೆ. ಶುದ್ಧ ಸುಳ್ಳು. ಹೊಟ್ಟೆಕಿಚ್ಚು. ನಾನು ಯಾವ ವಿಷಯವನ್ನಾದರೂ ಬುಡದಿಂದ ಹೇಳುವವನು, ಅಷ್ಟೇ.

ನನ್ನ ಕೆಲಸ ಏಸಿ ಬಿಡಿಭಾಗಗಳ ಗೋದಾಮಿನಲ್ಲಿ. ಇಪ್ಪತ್ತಾರು ವರ್ಷವಾಯಿತು. ಅಲ್ಲಿಗೆ ಬರುವವರು "ಕಂಪ್ರೆಸರ್ ಉಂಟಾ?" ಎಂದು ಕೇಳುತ್ತಾರೆ, ನಾನು "ಉಂಟು" ಎನ್ನುತ್ತೇನೆ, ಮಾತುಕತೆ ಅಲ್ಲಿಗೆ ಮುಗಿಯಿತು. ವಾರಕ್ಕೆ ಆರು ದಿನ ಹೀಗೆ. ಆದರೆ ವರ್ಷಕ್ಕೊಮ್ಮೆ, ಜನವರಿಯಲ್ಲಿ, ನಮ್ಮ ಜಮಾತಿನ ಮುಶಾಯಿರಾ ನಡೆಯುತ್ತದೆ. ಕವಿಗಳು ವೇದಿಕೆಯಲ್ಲಿ ಸಾಲಾಗಿ ಕೂತು ಒಬ್ಬೊಬ್ಬರಾಗಿ ತಮ್ಮ ಕವಿತೆ ಓದುವ ಸಭೆ. ಊರಿನಿಂದ, ಹೈದರಾಬಾದಿನಿಂದ ಕವಿಗಳು ಬರುತ್ತಾರೆ, ಮುನ್ನೂರು ಜನ ಸೇರುತ್ತಾರೆ. ಒಬ್ಬೊಬ್ಬ ಕವಿಯನ್ನೂ ಪರಿಚಯಿಸಿ ಕರೆಯುವ ಆ ಮೈಕು ಹತ್ತೊಂಬತ್ತು ವರ್ಷ ನನ್ನ ಕೈಯಲ್ಲಿತ್ತು. ಆ ಒಂದು ಸಂಜೆಗಾಗಿ ಉಳಿದ ಮುನ್ನೂರ ಅರವತ್ತನಾಲ್ಕು ದಿನ ಸಹಿಸಿಕೊಳ್ಳುತ್ತಿದ್ದೆ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಕಳೆದ ಜನವರಿಯಲ್ಲಿ ಮೈಕು ಹೋಯಿತು. ನಡೆದದ್ದು ಇಷ್ಟೇ. ಊರಿನಿಂದ ಬಂದಿದ್ದ ಹಿರಿಯ ಕವಿಯೊಬ್ಬರಿಗೆ ಅದೇ ದಿನ ವಾಪಸು ವಿಮಾನವಿತ್ತು. ನಾನು ಅವರನ್ನು ಪರಿಚಯಿಸಲು ಶುರುಮಾಡಿದೆ. ನಲವತ್ತೊಂದು ನಿಮಿಷ ಆಯಿತಂತೆ. ನನಗಂತೂ ಗೊತ್ತಾಗಲಿಲ್ಲ, ನಾನಿನ್ನೂ ಅವರ ಮುತ್ತಜ್ಜನ ಹತ್ತಿರ ಇದ್ದೆ. ತಿರುಗಿ ನೋಡಿದರೆ ಕುರ್ಚಿ ಖಾಲಿ. ಪಾಪ, ಆ ಮನುಷ್ಯ ಹೊಸ ಗಜಲನ್ನು ವಿಮಾನ ನಿಲ್ದಾಣದ ದಾರಿಯಲ್ಲಿ ಟ್ಯಾಕ್ಸಿ ಚಾಲಕನಿಗೆ ಓದಿ ಹೇಳಿ ಹೋದರಂತೆ. ಚಾಲಕ ಬಾಂಗ್ಲಾದೇಶದವನು. ಬಹಳ ಚೆನ್ನಾಗಿತ್ತು ಎಂದನಂತೆ.

ಜಮಾತಿನ ಅಧ್ಯಕ್ಷರು ಅಬ್ದುಲ್ ಗಫೂರ್ ಸಾಹೇಬರು. ಎಪ್ಪತ್ತನಾಲ್ಕು ವರ್ಷ, ಬಲದ್ ಪೇಟೆಯಲ್ಲಿ ಬಟ್ಟೆ ಅಂಗಡಿ, ಕವಿತೆಯೆಂದರೆ ಪ್ರಾಣ. ಮರುದಿನ ಕರೆಸಿ, "ಝಿಯಾ, ಇನ್ನು ಮೈಕು ಉಝೈರ್ ಕೈಗೆ" ಎಂದುಬಿಟ್ಟರು. ಉಝೈರ್ ಮೂವತ್ತು ದಾಟದ ಹುಡುಗ. ಮೊಬೈಲಿನಲ್ಲಿ ಸೆಕೆಂಡು ಎಣಿಸುತ್ತಾನೆ. ಹೆಸರು, ಊರು, 'ದಯವಿಟ್ಟು ಬನ್ನಿ': ಇಷ್ಟೇ ಅವನ ಪರಿಚಯ. ಡಾಕ್ಟರ ಶಾಪಿನಲ್ಲಿ ರೋಗಿಗಳನ್ನು ಕರೆಯುತ್ತಾರಲ್ಲ, ಹಾಗೆ. ಮೈಯೆಲ್ಲ ಉರಿಯಿತು ನನಗೆ.

ಇನ್ನು ಮದಾಮ್ ವಿಷಯ. ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ ಫ್ರಾನ್ಸಿನ ಹೆಂಗಸೊಬ್ಬರಿದ್ದಾರೆ, ಶಾಲೆಯಲ್ಲಿ ಟೀಚರು. ಅವರ ಹೆಸರು ಮೂಗಿನಲ್ಲಿ ಹುಟ್ಟಿ ಮೂಗಿನಲ್ಲೇ ಮುಗಿಯುತ್ತದೆ, ನನ್ನ ನಾಲಿಗೆಗೆ ಸಿಗಲಿಲ್ಲ, ಹಾಗಾಗಿ ಮದಾಮ್. ನನ್ನ ಮಗಳು ಲುಜೈನ್ ಅವರ ಹತ್ತಿರ ನಾಲ್ಕು ವರ್ಷದಿಂದ ಫ್ರೆಂಚ್ ಕಲಿಯುತ್ತಾಳೆ, ಜೊತೆಗೆ ಪಿಯಾನೋ. ಮದಾಮ್ ಡಿಸೆಂಬರ್ ಕೊನೆಗೆ ಕೆಲಸ ಬಿಟ್ಟು ಊರಿಗೆ ಹೊರಡುವವರು. ಹೋಗುವ ಮೊದಲು ಒಮ್ಮೆ ಹಾಡಬೇಕೆಂದು ಆಸೆ. ಕೇಳಲು ಜನ ಬೇಕಿತ್ತು. ನಿನ್ನ ಕಡೆಯವರಿಗೆ ಕವಿತೆ ಕೇಳುವ ಅಭ್ಯಾಸವಿದೆಯಾ ಎಂದು ಲುಜೈನ್ ಹತ್ತಿರ ಕೇಳಿದರಂತೆ. ಇವಳು, "ಅವರಿಗೆ ಬೇರೆ ಅಭ್ಯಾಸವೇ ಇಲ್ಲ" ಎಂದು ಹೇಳಿ ಬಂದಳು.

ನಾನು ಓಡಿದೆ ಗಫೂರ್ ಸಾಹೇಬರ ಅಂಗಡಿಗೆ. ಬುಡದಿಂದಲೇ ಹೇಳಿದೆ. ಅವರು ಮೂರು ಗಿರಾಕಿಗಳಿಗೆ ಬಟ್ಟೆ ಅಳೆದು ಕೊಟ್ಟ ಮೇಲೆ ಕೇಳಿದರು.

"ಹಾಡು ಎಷ್ಟು ಹೊತ್ತು?"

"ಒಟ್ಟು ಏಳು ಹಾಡು. ಇಪ್ಪತ್ತೆರಡು ನಿಮಿಷ."

"ಮೈಕು ನಿನಗೆ ಬೇಕು, ಅಲ್ವಾ?"

ನನಗೆ ಕಣ್ಣು ತುಂಬಿ ಬಂತು, ನಿಜ ಹೇಳುತ್ತೇನೆ.

"ಸರಿ, ಕೇಳು. ಶುಕ್ರವಾರ, ಇಸ್ತಿರಾಹದಲ್ಲಿ ಇಡುವ. ನಾಲ್ಕೂವರೆಗೆ ಶುರು, ಐದು ನಲವತ್ತಕ್ಕೆ ಮಗ್ರಿಬ್ ನಮಾಜಿನ ಬಾಂಗ್. ಇಪ್ಪತ್ತೆರಡು ನಿಮಿಷದ ಕಾರ್ಯಕ್ರಮವನ್ನು ನೀನು ಎಪ್ಪತ್ತು ನಿಮಿಷದಲ್ಲಿ ಮುಗಿಸಿ ತೋರಿಸು ಮಾರಾಯ. ಬಾಂಗಿನ ಮೊದಲು ಕೊನೆಯ ಹಾಡಿನ ಕೊನೆಯ ಸ್ವರ ನಿಂತಿರಬೇಕು. ನಿಂತರೆ ಜನವರಿಯ ಮೈಕು ನಿನ್ನದು. ಇಲ್ಲದಿದ್ದರೆ ಉಝೈರ್‌ನದ್ದೇ, ಮತ್ತೆ ನನ್ನ ಬಳಿ ಬಂದು ಮೂಗು ಒರೆಸಬೇಡ."

ಎಪ್ಪತ್ತು ನಿಮಿಷ! ಕುರುಡನೂ ಗೆಲ್ಲುವ ಪಂದ್ಯ. ಮನೆಗೆ ಬರುವಷ್ಟರಲ್ಲಿ ಜನವರಿಯ ಭಾಷಣ ಅರ್ಧ ತಯಾರಾಗಿತ್ತು. ನನ್ನ ಹೆಂಡತಿ ಝುನೈರಾ ಬಾಗಿಲಲ್ಲಿ ಏನೋ ಹೇಳಿದಳು. ನಾನು "ಹೂಂ" ಎಂದೆ. ಅದು ಮೊಸರು ತನ್ನಿ ಎಂದಿದ್ದಂತೆ, ಊಟಕ್ಕೆ ಕೂತಾಗ ಗೊತ್ತಾಯಿತು.

ಮೂರನೇ ಮಹಡಿಯಲ್ಲಿ ಮದಾಮ್ ಚಹಾ ಕೊಟ್ಟು ವಿಷಯ ವಿವರಿಸಿದರು. ಅವರ ಇಂಗ್ಲಿಷ್ ಅರ್ಧ, ನನ್ನದು ಇನ್ನರ್ಧ, ನಡುವೆ ಲುಜೈನ್.

"ಬಾಬಾ, ಇದು ಸಾಂಗ್ ಸೈಕಲ್. ಅಂದ್ರೆ ಹಾಡುಗಳ ಮಾಲೆ. ಈಗಿನ ಕಾಲದ ಒಬ್ಬ ಕವಿಯ ಏಳು ಪೊಯಮ್ಸ್, ಅದಕ್ಕೆ ಒಬ್ಬರೇ ಮ್ಯೂಸಿಕ್ ಹಾಕಿದ್ದು. ಒಂದರ ಬೆನ್ನಿಗೆ ಒಂದು ಬರಬೇಕು. ಮಧ್ಯೆ ಚಪ್ಪಾಳೆ ಇಲ್ಲ."

"ಸರಿ, ಚಪ್ಪಾಳೆ ಬೇಡ. ಹಾಡಿನ ಮಧ್ಯೆ ನಾನು ಎಲ್ಲಿ ನಿಲ್ಲಬೇಕು?"

ಲುಜೈನ್ ಕೇಳಿದಳು. ಮದಾಮ್ ಮುಗುಳ್ನಕ್ಕು ಎರಡು ಮಾತು ಹೇಳಿದರು.

"ಎಲ್ಲಿಯೂ ಇಲ್ಲವಂತೆ ಬಾಬಾ."

"ಅಲ್ಲ, ಮುಂದಿನ ಹಾಡಿನ ಪರಿಚಯ ಯಾರು ಮಾಡುವುದು? ಕವಿಯ ಹುಟ್ಟು, ಮನೆತನ?"

"ಯಾರೂ ಮಾಡುವುದಿಲ್ಲ. ಅರ್ಥ ನಾನು ಕನ್ನಡದಲ್ಲಿ ಬರೆದು ಪ್ರಿಂಟ್ ಮಾಡಿ ಕುರ್ಚಿ ಮೇಲೆ ಇಡ್ತೇನೆ. ನೀವು ಶುರುವಲ್ಲಿ ಒಂದು ವಾಕ್ಯ ಹೇಳಬಹುದಂತೆ. ಒಂದೇ."

ಒಂದು ವಾಕ್ಯ. ಹತ್ತೊಂಬತ್ತು ವರ್ಷದ ಅನುಭವದವನಿಗೆ ಒಂದು ವಾಕ್ಯ! ನಾನು ಸಿಟ್ಟು ನುಂಗಿಕೊಂಡು, ಆಗಲಿ, ಕವಿತೆ ಯಾವುದರ ಬಗ್ಗೆ ಎಂದು ಕೇಳಿದೆ. ಮಾಲೆಯ ಹೆಸರು 'ಮನೆಯೊಳಗಿನ ಏಳು ವಸ್ತುಗಳು'. ಕೆಟಲು, ಕೊಡೆ, ಕುಂಟು ಕುರ್ಚಿ, ಬೀಗದ ಕೈ, ಎರಡು ಚಮಚ, ಕಿಟಕಿ, ಬೆಳಗಿನ ಪೇಪರು. ಚಂದ್ರ ಇಲ್ಲ, ಮೇಣದ ಬತ್ತಿ ಇಲ್ಲ, ಒಂದು ಪತಂಗವಾದರೂ ಬೇಡವಾ? ಇದು ಕವಿತೆಯಾ, ಮನೆ ಖಾಲಿ ಮಾಡುವವರ ಪಟ್ಟಿಯಾ? ಲುಜೈನ್ ಬರೆದ ಅರ್ಥದ ಕಾಗದವನ್ನು ಮಡಚಿ ಜೇಬಿಗೆ ಹಾಕಿದೆ. ಓದಲಿಲ್ಲ. ಓದಿ ಏನಾಗಬೇಕು? ಕೆಟಲು ನಮ್ಮ ಮನೆಯಲ್ಲೂ ಇದೆ.

ಶುಕ್ರವಾರ ಮಧ್ಯಾಹ್ನ ಲಾಂಡ್ರಿಯಿಂದ ಬಂದ ಕಪ್ಪು ಶೇರ್ವಾನಿ ಹಾಕಿಕೊಂಡು ಕನ್ನಡಿಯ ಮುಂದೆ ನನ್ನ ಒಂದು ವಾಕ್ಯವನ್ನು ಅಭ್ಯಾಸ ಮಾಡುತ್ತಿದ್ದೆ. ಝುನೈರಾ ಹಿಂದಿನಿಂದ ಬಂದಳು.

"ಕೇಳ್ತಾ? ನಿಮ್ಮ ಶೇರ್ವಾನಿ ಹಿಂದೆ..."

"ಹೂಂ, ಹೂಂ. ಚೆಂದ ಕಾಣ್ತದೆ, ಗೊತ್ತುಂಟು. ವಾಕ್ಯ ತಪ್ಪಿಸಬೇಡ."

"ಅಲ್ಲ ಮಾರಾಯ್ರೇ, ಹಿಂದೆ ಒಂದು..."

"ಝುನೈರಾ, ಇವತ್ತು ನನ್ನ ಮರ್ಯಾದೆಯ ದಿನ. ಆಮೇಲೆ ಹೇಳು."

ಅವಳು ಕೈ ಚೆಲ್ಲಿ ಅಡುಗೆಮನೆಗೆ ಹೋದಳು. ನಲವತ್ತು ಜನಕ್ಕೆ ಶಾವಿಗೆ ಬಿರಿಯಾನಿಯ ಹಂಡೆ ಕಾಯುತ್ತಿತ್ತು. ಹೊರಡುವಾಗ ಕಾರಿನ ಹತ್ತಿರ ಮತ್ತೊಮ್ಮೆ ಅದೇ ರಾಗ ಶುರುಮಾಡಿದಳು. ನಾನು ಮತ್ತೊಮ್ಮೆ ಹೂಂ ಎಂದೆ.

ಇಸ್ತಿರಾಹ ಎಂದರೆ ಇಲ್ಲಿ ದಿನದ ಬಾಡಿಗೆಗೆ ಸಿಗುವ ತೋಟದ ಮನೆ. ಊರಾಚೆ ಇರುತ್ತದೆ, ಒಂದು ದೊಡ್ಡ ಹಾಲ್, ಅಂಗಳದಲ್ಲಿ ನಾಲ್ಕು ಖರ್ಜೂರದ ಮರ. ಮದಾಮ್ ಅವರ ವಿದ್ಯುತ್ ಪಿಯಾನೋವನ್ನು ನಾನೇ ಗೋದಾಮಿನ ಪಿಕಪ್‌ನಲ್ಲಿ ತಂದಿಳಿಸಿದ್ದೆ. ಗಂಡಸರು ಎಡಕ್ಕೆ, ಹೆಂಗಸರು ಬಲಕ್ಕೆ. ಮುಂದಿನ ಸಾಲಿನ ಮಧ್ಯೆ ಗಫೂರ್ ಸಾಹೇಬರು, ಪಕ್ಕದಲ್ಲಿ ಉಝೈರ್, ಕೈಯಲ್ಲಿ ಮೊಬೈಲು. ಬಾಗಿಲಲ್ಲಿ ನಾನು ಒಬ್ಬೊಬ್ಬರನ್ನೂ ಹಿಡಿದು ಎಚ್ಚರಿಸಿದ್ದೆ: "ವಾಹ್ ವಾಹ್ ಇಲ್ಲ. ಸುಬ್ಹಾನಲ್ಲಾಹ್ ಕೂಡ ಮನಸ್ಸಿನಲ್ಲೇ. ಫ್ರಾನ್ಸಿನಲ್ಲಿ ಕೆಮ್ಮಿದರೂ ಹೊರಗೆ ಹಾಕುತ್ತಾರಂತೆ." ನಮ್ಮವರ ಮುಖ ಸಣ್ಣದಾಯಿತು. ಮುಶಾಯಿರಾದಲ್ಲಿ ಕವಿತೆ ಓದಿದಾಗ ಜನ ಸುಮ್ಮನೆ ಕೂತರೆ ಕವಿ ಸತ್ತ ಎಂದೇ ಅರ್ಥ. ಮನೆಗೆ ಬಂದ ನೆಂಟರಿಗೆ ನೀರೂ ಕೇಳದೆ ಕೂರಿಸಿದ ಹಾಗೆ ಆಗುತ್ತದಲ್ಲ ಮಾರಾಯ ಎಂದು ಒಬ್ಬರು ಗೊಣಗಿದರು.

ನಾಲ್ಕೂವರೆಗೆ ಸರಿಯಾಗಿ ನಾನು ವೇದಿಕೆ ಹತ್ತಿ ಒಂದು ವಾಕ್ಯ ಹೇಳಿದೆ. ಒಂದೇ ವಾಕ್ಯ, ಅಲ್ಲಾಹ್ ಸಾಕ್ಷಿ. ಸಮುದ್ರದಿಂದ ಶುರುವಾಗಿ, ಭಟ್ಕಳದ ಹಡಗುಗಳನ್ನು ಮುಟ್ಟಿ, ಜಿದ್ದಾ ಬಂದರಿಗೆ ಬಂದು, ಫ್ರಾನ್ಸಿನ ನದಿಗಳ ಕಡೆ ತಿರುಗಿ, ಮದಾಮ್ ಅವರ ಮೂರನೇ ಮಹಡಿಯ ಬಾಗಿಲಿಗೆ ತಲುಪಿ ಮುಗಿಯಿತು. ಮಧ್ಯೆ ಎಲ್ಲೂ ಪೂರ್ಣವಿರಾಮ ಹಾಕಲಿಲ್ಲ. ಉಝೈರ್ ಬೆರಳೆತ್ತಿ ತೋರಿಸಿದ: ಹದಿಮೂರು ನಿಮಿಷ. ಇರಲಿ. ಇನ್ನೂ ಐವತ್ತೇಳು ಉಂಟು. ಕೆಳಗಿಳಿಯಲು ಬೆನ್ನು ತಿರುಗಿಸಿದಾಗ ಜನ ಕಿಸಕ್ಕೆಂದು ನಕ್ಕರು. ವಾಕ್ಯ ಮೆಚ್ಚಿದರು ಎಂದುಕೊಂಡೆ.

ಮದಾಮ್ ನೀಲಿ ಉಡುಪಿನಲ್ಲಿ ಬಂದು ನಿಂತರು. ಐವತ್ತರ ಆಸುಪಾಸು, ತೆಳ್ಳಗಿನ ಹೆಂಗಸು. ಲುಜೈನ್ ಪಿಯಾನೋದ ಮೇಲೆ ಕೈಯಿಟ್ಟಳು. ಮೊದಲ ಹಾಡು, ಕೆಟಲು. ನಾನು ಕಾದಿದ್ದು ದೊಡ್ಡ ಗಂಟಲು ಹರಿದುಕೊಳ್ಳುವ ಹಾಡಿಗೆ. ಬಂದದ್ದು ಮಾತಾಡಿದ ಹಾಗೆ, ಪಕ್ಕದ ಕೋಣೆಯಲ್ಲಿ ಯಾರೋ ತನ್ನಷ್ಟಕ್ಕೆ ಹೇಳಿಕೊಂಡ ಹಾಗೆ. ಸಭೆ ಉಸಿರು ಬಿಗಿಹಿಡಿದು ಕೂತಿತು. ಹಾಡು ಮುಗಿದಾಗ ಯಾರೂ ಅಲುಗಾಡಲಿಲ್ಲ. ನಾನು ಗಡಿಯಾರ ನೋಡಿದೆ. ಮೂರು ನಿಮಿಷ. ಭೇಷ್.

ಎರಡನೆಯದು ಕೊಡೆ. ಲುಜೈನ್ ಬರೆದಿಟ್ಟ ಅರ್ಥವನ್ನು ಗಫೂರ್ ಸಾಹೇಬರು ಕನ್ನಡಕ ಏರಿಸಿ ಬೆರಳಿಟ್ಟು ಓದುತ್ತಿದ್ದರು. 'ನೀನು ಮರೆತು ಹೋದ ಕೊಡೆಯನ್ನು ಬಿಡಿಸಿ ಮನೆಯೊಳಗೇ ನಿಂತೆ' ಎಂಬಂಥ ಒಂದು ಸಾಲು. ಸಾಹೇಬರ ಹೆಂಡತಿ ತೀರಿಕೊಂಡು ಎರಡು ವರ್ಷ. ಮದಾಮ್ ಆ ಸಾಲು ಹಾಡಿದರು. ಸಾಹೇಬರ ತೊಡೆ ಅಲುಗಾಡಿತು. ಕೈ ಮೇಲಕ್ಕೆ ಹೋಯಿತು. ನಾನು ದೂರದಿಂದ ಕಣ್ಣು ಹೊರಳಿಸಿ ಬೇಡ ಬೇಡ ಎಂದೆ. ಎಲ್ಲಿ ಕೇಳುತ್ತಾರೆ?

"ಮುಕರ್ರರ್!"

ಇಡೀ ಹಾಲ್ ಅದುರಿತು. ಮುಶಾಯಿರಾ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಒಂದು ಸಾಲು ಎದೆಗೆ ತಾಗಿದರೆ ಕೇಳುವವನು 'ಮುಕರ್ರರ್' ಎಂದು ಕೂಗಬಹುದು. ಇನ್ನೊಮ್ಮೆ ಹೇಳು ಎಂದರ್ಥ. ಕವಿ ಆ ಸಾಲನ್ನು ಮತ್ತೆ ಓದಲೇಬೇಕು. ಕವಿಗೆ ಅದಕ್ಕಿಂತ ದೊಡ್ಡ ಬಹುಮಾನವಿಲ್ಲ.

ಲುಜೈನ್ ಕೈ ನಿಂತಿತು. ಮದಾಮ್ ಮುಖ ಬಿಳುಚಿತು. ಏನು ತಪ್ಪಾಯಿತು ಎಂಬಂತೆ ನನ್ನನ್ನು ನೋಡಿದರು. ನೆಲ ಬಿರಿದು ನನ್ನನ್ನು ನುಂಗಬಾರದೇ ಅನಿಸಿತು. ಲುಜೈನ್ ಕುಳಿತಲ್ಲಿಂದಲೇ ಫ್ರೆಂಚ್‌ನಲ್ಲಿ ಏನೋ ಹೇಳಿದಳು. ಮದಾಮ್ ಮತ್ತೆ ಕೇಳಿದರು. ಇವಳು ಮತ್ತೆ ಹೇಳಿದಳು. ಆಗ ಆ ಹೆಂಗಸಿನ ಮುಖದಲ್ಲಿ ಆದ ಬದಲಾವಣೆ ನೋಡಬೇಕಿತ್ತು. ಗಫೂರ್ ಸಾಹೇಬರ ಕಡೆ ತಿರುಗಿ ತಲೆ ಬಾಗಿಸಿ, ಆ ಸಾಲನ್ನು ಮೊದಲಿಗಿಂತ ನಿಧಾನವಾಗಿ ಇನ್ನೊಮ್ಮೆ ಹಾಡಿದರು.

ಅಷ್ಟೇ ಸಾಕಾಯಿತು. ಕಟ್ಟೆ ಒಡೆಯಿತು. ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದ ನಲವತ್ತು ಜನ ಒಟ್ಟಿಗೆ ಬಾಯಿ ಬಿಟ್ಟರು. ಕುಂಟು ಕುರ್ಚಿಗೆ ನಾಲ್ಕು ಮುಕರ್ರರ್. ಬೀಗದ ಕೈಗೆ ಆರು. ಹೆಂಗಸರ ಕಡೆಯಿಂದಲೂ ಕೂಗು ಬರತೊಡಗಿತು, ಎರಡು ಚಮಚಕ್ಕೆ ಅವರೇ ಹೆಚ್ಚು. ಯಾರೋ ಸಾಲಿನ ಕೊನೆಯ ಫ್ರೆಂಚ್ ಪದವನ್ನು ಮದಾಮ್ ಜೊತೆಗೇ ಎತ್ತಿ ಹೇಳಿದರು, ಗಜಲಿಗೆ ಹೇಳುವ ಹಾಗೆ. ಮದಾಮ್ ಕೆನ್ನೆ ಕೆಂಪಾಗಿತ್ತು. ಕೇಳಿದಷ್ಟೂ ಹಾಡಿದರು. ಒಂದು ಸಲ ಯಾರೂ ಕೇಳದಿದ್ದರೂ ತಾವೇ ಕಾದು ನಿಂತು ಸಭೆಯನ್ನು ನೋಡಿದರು. ಉಝೈರ್ ನಾಚಿಕೆಯಿಂದ, "ಸರಿ, ಮುಕರ್ರರ್" ಎಂದ.

ಮತ್ತೆ ನನ್ನ ಗತಿ? ಐದು ಗಂಟೆ. ಐದೂ ಹತ್ತು. ಐದೂ ಕಾಲು. ನಾನು ಸಾಲುಗಳ ನಡುವೆ ಓಡಾಡುತ್ತ, ಬಲದ್ ಪೇಟೆಯ ಟ್ರಾಫಿಕ್ ಪೊಲೀಸನ ಹಾಗೆ ಎರಡೂ ಕೈ ಎತ್ತಿ ಜನರನ್ನು ತಡೆಯುತ್ತಿದ್ದೆ. ಹತ್ತೊಂಬತ್ತು ವರ್ಷ ಮಾತಾಡಿದವನು ಈಗ ಊರವರಿಗೆಲ್ಲ "ಶ್, ಶ್" ಎನ್ನುತ್ತಿದ್ದೇನೆ! ನಾನು ಬೆನ್ನು ಮಾಡಿದ ಕಡೆಯೆಲ್ಲ ನಗು ಬೇರೆ. ಜೇಬಿನಲ್ಲಿ ಮೊಬೈಲು ಎರಡು ಸಲ ನಡುಗಿತು. ಝುನೈರಾ. ಕತ್ತರಿಸಿದೆ. ಗಫೂರ್ ಸಾಹೇಬರ ಕಿವಿಯ ಹತ್ತಿರ ಬಗ್ಗಿ ಬೇಡಿಕೊಂಡೆ.

"ಸಾಹೇಬರೇ, ಟೈಮು!"

"ಕೂತುಕೋ ಮಾರಾಯ, ಕಿಟಕಿ ಬಂತು."

"ಇದು ನಿಮ್ಮದೇ ಷರತ್ತು. ನೀವೇ ಹೀಗೆ ಮಾಡಿದರೆ ಹೇಗೆ?"

"ಷರತ್ತು ನಿನಗೆ, ನನಗಲ್ಲ" ಎಂದವರೇ ಕಿಟಕಿಗೆ ಮೂರು ಸಲ ಕೂಗಿದರು.

ಐದು ಮೂವತ್ತೆರಡಕ್ಕೆ ಕಿಟಕಿ ಮುಗಿಯಿತು. ನಾನು ವೇದಿಕೆಗೆ ಜಿಗಿದು ಕೈಮುಗಿದೆ. "ನನ್ನ ತಾಯಂದಿರೇ, ಅಣ್ಣಂದಿರೇ, ಒಂದೇ ಹಾಡು ಬಾಕಿ. ನಾಲ್ಕು ನಿಮಿಷ. ಇದೊಂದನ್ನು ಬಿಟ್ಟುಬಿಡಿ. ಮೈಕು ಹೋದರೆ ನಾನು ಬದುಕಿ ಫಲವಿಲ್ಲ." ಇಷ್ಟು ಚಿಕ್ಕ ಭಾಷಣ ಜೀವಮಾನದಲ್ಲಿ ಮಾಡಿರಲಿಲ್ಲ. ಜನಕ್ಕೆ ಅಯ್ಯೋ ಪಾಪ ಅನಿಸಿತು. ಗಫೂರ್ ಸಾಹೇಬರು ಕರವಸ್ತ್ರ ತೆಗೆದು ಬಾಯಿಗೆ ಒತ್ತಿ ಹಿಡಿದು, ಆಗಲಿ ಎಂದು ತಲೆಯಾಡಿಸಿದರು. ಮದಾಮ್ ಏಳನೆಯ ಹಾಡಿಗೆ ಸಿದ್ಧರಾದರು. ಐದು ಮೂವತ್ನಾಲ್ಕು. ಎರಡು ನಿಮಿಷ ಕೈಯಲ್ಲಿ ಉಳಿಯುತ್ತದೆ. ಗೆದ್ದೆ!

ಗೆದ್ದವನಿಗೆ ಬೆವರು ಒರೆಸಬೇಕಿತ್ತು. ಜೇಬಿಗೆ ಕೈ ಹಾಕಿದರೆ ಸಿಕ್ಕಿದ್ದು ಲುಜೈನ್ ಕೊಟ್ಟ ಕಾಗದ. ಒರೆಸಲು ಬಿಡಿಸಿದೆ. ಕೊನೆಯ ಹಾಡು ಕಣ್ಣಿಗೆ ಬಿತ್ತು. 'ಪೇಪರು'.

'ಬೆಳಿಗ್ಗೆ ನಾನು ಪೇಪರಿನ ಜೊತೆ ಮಾತಾಡಿದೆ. ಮಳೆ ಬರುತ್ತದೆ ಎಂದೆ. ಪೇಪರು ಹೂಂ ಎಂದಿತು. ತಂಗಿಯ ಕಾಗದ ಬಂದಿದೆ ಎಂದೆ. ಪೇಪರು ಹೂಂ ಎಂದಿತು. ನಿನ್ನನ್ನು ಬಿಟ್ಟು ಹೋಗುತ್ತೇನೆ ಎಂದೆ. ಪೇಪರು ಪುಟ ತಿರುಗಿಸಿತು.'

ಅಷ್ಟರಲ್ಲಿ ಮದಾಮ್ ಅಲ್ಲಿಗೇ ಬಂದಿದ್ದರು. ಆ 'ಹೂಂ' ಇದೆಯಲ್ಲ, ಅದಕ್ಕೆ ಫ್ರೆಂಚ್ ಗೊತ್ತಿರಬೇಕಿಲ್ಲ. ಬಾಯಿ ಮುಚ್ಚಿ, ಮೂಗಿನಲ್ಲಿ, ಕೊನೆಗೆ ಚೂರು ಕೆಳಗಿಳಿಸಿ ಹಾಡಿದರು. ಅದು ನನ್ನ ಹೂಂ. ನನ್ನದೇ! ಮೊಸರಿಗೆ ಹೇಳಿದ ಹೂಂ, ಕಾರಿನ ಹತ್ತಿರ ಹೇಳಿದ ಹೂಂ. ಎಲ್ಲಿಯೋ ಕೂತ ಆ ಸಂಗೀತಗಾರನ ಕಿವಿಗೆ ಇದು ಹೇಗೆ ಬಿತ್ತು? ಹೆಂಗಸರ ಸಾಲಿನಲ್ಲಿ ನಲವತ್ತು ಜನಕ್ಕೆ ಬಿರಿಯಾನಿ ಬೇಯಿಸಿ ಸುಸ್ತಾದ ಝುನೈರಾ ಕಾಗದ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಹಾಡು ಕೇಳುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಹತ್ತೊಂಬತ್ತು ವರ್ಷ ನೂರಾರು ಕವಿಗಳನ್ನು ಕರೆದು ಕೂರಿಸಿದೆನಲ್ಲ, ಒಬ್ಬನ ಒಂದು ಸಾಲಾದರೂ ನೆನಪಿದೆಯಾ ಎಂದು ಹುಡುಕಿದೆ. ಇಲ್ಲ. ಅವರು ಓದುವಾಗ ನಾನು ಮುಂದಿನವನ ಪರಿಚಯ ಜೋಡಿಸುತ್ತಿದ್ದೆ.

"ಮುಕರ್ರರ್."

ಯಾರು ಆ ಕತ್ತೆ ಎಂದು ನಾನೂ ಉಳಿದವರಂತೆ ತಿರುಗಿ ನೋಡಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಉಝೈರ್ ಬಾಯಿ ತೆರೆದು ಕೂತಿದ್ದ. ಲುಜೈನ್ "ಬಾಬಾ!" ಎಂದು ಪಿಸುಗುಟ್ಟಿದಳು. ಮದಾಮ್ ಮಾತ್ರ ಆ ಮೂರು ಸಾಲನ್ನು ಮತ್ತೆ ಹಾಡಿದರು. ಅದೇ ಹೂಂ. ಈ ಸಲ ಇನ್ನೂ ಜಾಸ್ತಿ ನಾಟಿತು. ಐದು ಮೂವತ್ತೇಳು. ಬಾಯಿ ಮುಚ್ಚು ಝಿಯಾ, ಮೈಕು, ಮೈಕು ಎಂದು ಒಳಗೆ ಒಬ್ಬ ಬಡಕೊಳ್ಳುತ್ತಿದ್ದ. ಅವನ ಮಾತು ಯಾರು ಕೇಳಿದರು?

"ಮುಕರ್ರರ್, ಮದಾಮ್. ದಯವಿಟ್ಟು."

ಮೂರನೆಯ ಸಲ ಹಾಡಿದರು. ಆಮೇಲೆ ಪಿಯಾನೋ ಒಂದೇ ನುಡಿಯುವ ಕೊನೆಯ ಭಾಗ, ಪುಟ ತಿರುಗುವ ಸದ್ದಿನದ್ದು. ಲುಜೈನ್ ಅದರ ಅರ್ಧಕ್ಕೆ ಬಂದಿದ್ದಳು. ಹೊರಗೆ ಮಸೀದಿಯಿಂದ ಬಾಂಗ್ ಶುರುವಾಯಿತು. ಅವಳು ಕೈ ಎತ್ತಿದಳು. ಕೊನೆಯ ಸ್ವರ ಬರಲೇ ಇಲ್ಲ. ಎಲ್ಲರೂ ಎದ್ದರು.

ನಮಾಜು ಮುಗಿಸಿ ಅಂಗಳಕ್ಕೆ ಬಂದಾಗ ಬಿರಿಯಾನಿಯ ಹಂಡೆ ತೆರೆದಿತ್ತು. ಮದಾಮ್ ತಟ್ಟೆ ಹಿಡಿದು ಬಂದು ಲುಜೈನ್ ಮೂಲಕ ಹೇಳಿದರು: ಹದಿನಾರು ವರ್ಷದಿಂದ ಈ ಏಳು ಹಾಡು ಹಾಡುತ್ತಿದ್ದೇನೆ, ಕೊನೆಗೆ ಜನ ಚಪ್ಪಾಳೆ ತಟ್ಟಿ ಕೋಟು ಹಾಕಿಕೊಂಡು ಹೋಗುತ್ತಾರೆ, ಒಂದು ಸಾಲನ್ನು ಇನ್ನೊಮ್ಮೆ ಹೇಳು ಎಂದು ಯಾರೂ ಕೇಳಿರಲಿಲ್ಲ. ಅವರ ಕಣ್ಣು ಒದ್ದೆಯಾಗಿತ್ತು. ಬಿರಿಯಾನಿಯ ಖಾರವೂ ಸ್ವಲ್ಪ ಇದ್ದಿರಬಹುದು.

ಗಫೂರ್ ಸಾಹೇಬರು ನನ್ನನ್ನು ಖರ್ಜೂರದ ಮರದ ಹತ್ತಿರ ಕರೆದರು.

"ಮಾತು ಅಂದ್ರೆ ಮಾತು, ಝಿಯಾ. ಮೈಕು ಉಝೈರ್‌ಗೆ."

"ಗೊತ್ತುಂಟು ಸಾಹೇಬರೇ."

"ನೀನು ಎರಡನೇ ಸಲ ಕೇಳದಿದ್ದರೆ ಆಗ್ತಿತ್ತಲ್ಲ ಮಾರಾಯ! ನಾನು ಕರವಸ್ತ್ರ ಕಚ್ಚಿಕೊಂಡು ಕೂತಿದ್ದೆ ನಿನಗಾಗಿ."

ದುಃಖವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ, ಬಹಳ ದುಃಖವಾಯಿತು. ಸಾಹೇಬರು ನನ್ನ ಹೆಗಲ ಮೇಲೆ ಕೈಯಿಟ್ಟು, "ಜನವರಿಯಲ್ಲಿ ನನ್ನ ಪಕ್ಕದಲ್ಲಿ ಕೂತುಕೋ. ಕೇಳುವವರು ಕಮ್ಮಿಯಾಗಿದ್ದಾರೆ" ಎಂದರು. ಆಮೇಲೆ ನನ್ನ ಬೆನ್ನು ನೋಡಿ ಫಕ್ಕನೆ ನಕ್ಕು ಹೋಗಿಬಿಟ್ಟರು.

ಲುಜೈನ್ ಮದಾಮ್ ಜೊತೆ ಪಿಕಪ್‌ನಲ್ಲಿ ಹೊರಟಳು. ನಾನೂ ಝುನೈರಾಳೂ ಕಾರಿನಲ್ಲಿ ಕೂತೆವು. ಖಾಲಿ ಹಂಡೆ ಹಿಂದಿನ ಸೀಟಿನಲ್ಲಿ ಗಡಗಡ ಎನ್ನುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ಅವಳು ಕಿಟಕಿಯ ಕಡೆ ಮುಖ ಮಾಡಿ, ನನಗೆ ಹೇಳಿದ್ದೋ ಗಾಜಿಗೆ ಹೇಳಿದ್ದೋ ಎಂಬಂತೆ ಮೆಲ್ಲಗೆ ಏನೋ ಅಂದಳು. ಹೂಂ ನನ್ನ ಮೂಗಿನವರೆಗೆ ಬಂದಿತ್ತು. ತಡೆದು ಹಿಡಿದೆ.

"ಮುಕರ್ರರ್, ಝುನೈರಾ."

ಅವಳು ತಟ್ಟನೆ ತಿರುಗಿದಳು. "ಎಂತ?"

"ಇನ್ನೊಮ್ಮೆ ಹೇಳು. ಕೇಳ್ತೇನೆ."

ನನ್ನ ಮುಖ ನೋಡಿದಳು. ಆಮೇಲೆ ಸೀಟಿನ ಹಿಂದೆ ಕೈ ಹಾಕಿ ನನ್ನ ಬೆನ್ನಿನಿಂದ ಏನನ್ನೋ ಪಿನ್ನು ಸಮೇತ ಕಿತ್ತು ಮಡಿಲಿಗೆ ಹಾಕಿದಳು. ಅಂಗೈಯಷ್ಟು ದೊಡ್ಡ ಹಳದಿ ಚೀಟಿ. ಅದರ ಮೇಲೆ ಕಪ್ಪು ಶಾಯಿಯಲ್ಲಿ, 'ಅರ್ಜೆಂಟ್. ಕಲೆ ಹೋಗಿಲ್ಲ.'

"ಲಾಂಡ್ರಿಯವನ ಚೀಟಿ. ಮಧ್ಯಾಹ್ನದಿಂದ ಬಡಕೊಂಡೆ. ಮೂರು ಸಲ ಬಾಯಲ್ಲಿ, ಎರಡು ಸಲ ಫೋನಲ್ಲಿ."

ಆಹಾ ನನ್ನ ಮರ್ಯಾದೆಯೇ! ಸಮುದ್ರದಿಂದ ಶುರುವಾದ ವಾಕ್ಯದ ಬೆನ್ನಿಗೆ ಇದು ನೇತಾಡುತ್ತಿತ್ತಾ? ಅವಳು ನಗಲು ಶುರುಮಾಡಿದಳು. ನನಗೂ ತಡೆಯಲಾಗಲಿಲ್ಲ. ಸಿಗ್ನಲ್ ಹಸಿರಾದರೂ ಹೊರಡದೆ ಕೂತು ಹಿಂದಿನವನ ಹಾರ್ನು ತಿಂದೆವು. ನಗು ನಿಂತ ಮೇಲೆ ಕೇಳಿದೆ.

"ಬೇರೆ ಎಂತೆಲ್ಲ ಹೇಳಿದ್ದಿ, ನಾನು ಕೇಳದ್ದು?"

"ಎಷ್ಟು ವರ್ಷದ್ದು ಬೇಕು?"

"ಎಲ್ಲ."

ಝುನೈರಾ ಸೀಟು ಸ್ವಲ್ಪ ಹಿಂದಕ್ಕೆ ಸರಿಸಿ, ಕಾಲು ಚಾಚಿ, ದುಪಟ್ಟಾ ಸರಿಮಾಡಿಕೊಂಡಳು.

"ಹಾಗಾದ್ರೆ ಕಾರ್ನಿಶ್ ರಸ್ತೆ ಮೇಲೆ ಸುತ್ತಿಕೊಂಡು ಹೋಗಿ. ಇದು ಸಣ್ಣ ದಾರಿಯಲ್ಲಿ ಮುಗಿಯುವಂಥದ್ದಲ್ಲ."

ನಾನು ಮಾತಾಡದೆ ಕಾರನ್ನು ಸಮುದ್ರದ ಕಡೆ ತಿರುಗಿಸಿದೆ.